‘ತಲೆಗೆ ಹತ್ತಲ್ಲ’ ಎನ್ನುವ ಮುನ್ನ: ಮಕ್ಕಳ ಓದು ಮತ್ತು ಮನೆಯವರ ಮಾತು



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಹಸಿರು ಮೇವು, ಕರುಗಳ ಜಂತುಹುಳು ಇಂಥ ವಿಷಯ ಬರೆಯುತ್ತೇವೆ. ಶಾಲೆಗಳು ಮತ್ತೆ ಶುರುವಾಗಿರುವುದರಿಂದ ಈ ಸಲ ಮಕ್ಕಳ ಓದಿನ ಬಗ್ಗೆ ಬರೆಯುತ್ತಿದ್ದೇನೆ. ಹಸುವಿನ ಡಾಕ್ಟರಿಗೆ ಇದರ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ ನಿಮ್ಮ ಕೊಟ್ಟಿಗೆಗೆ ಬರುವವರು ನಾವು. ಹಸುವಿನ ಜ್ವರ ನೋಡುತ್ತಿರುವಾಗಲೇ ಪಕ್ಕದ ಜಗಲಿಯಲ್ಲಿ ಮಗುವಿನ ಮಾರ್ಕ್ಸ್ ಕಾರ್ಡಿನ ಪಂಚಾಯ್ತಿ ನಡೆಯುತ್ತಿರುತ್ತದೆ. ಅಲ್ಲಿ ಆಡುವ ಮಾತು ಮಗುವಿನ ಮೇಲೆ ಏನು ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ಸಂಶೋಧನೆಗಳು ನಡೆದಿವೆ. ಅವುಗಳಲ್ಲಿ ನಮ್ಮ ಹಳ್ಳಿ ಮನೆಗಳಿಗೆ ಉಪಯೋಗವಾಗುವಷ್ಟನ್ನು ಇಲ್ಲಿ ಹೇಳುತ್ತೇನೆ.

ಮೊದಲಿಗೇ ಒಂದು ಮಾತು. ‘ನಾವು ಓದಿದವರಲ್ಲ, ಮಕ್ಕಳಿಗೆ ಏನು ಹೇಳಿಕೊಡೋಕಾಗುತ್ತೆ?’ ಎಂದು ಬಹಳ ತಾಯಂದಿರು ಹಿಂಜರಿಯುತ್ತಾರೆ. ಇಲ್ಲಿ ಹೇಳುವ ಯಾವುದಕ್ಕೂ ತಾಯಿ ಓದಿರಲೇಬೇಕು ಎಂದಿಲ್ಲ. ಪಾಠ ಹೇಳಲು ಮೇಷ್ಟ್ರಿದ್ದಾರೆ. ಸೋತ ದಿನ ಮತ್ತೆ ಪುಸ್ತಕ ಹಿಡಿಯುವ ಮನಸ್ಸು ಮಾತ್ರ ಹೆಚ್ಚಾಗಿ ಮನೆಯಲ್ಲೇ ತಯಾರಾಗುತ್ತದೆ.

ನಾವು ಆಡುವ ಮೂರು ಮಾತು

ಹಳ್ಳಿಹಳ್ಳಿಯಲ್ಲೂ ಕೇಳುವ ಮೂರು ಮಾತುಗಳಿವೆ.

ಒಂದು: ‘ಇವನಿಗೆ ತಲೆಗೆ ಹತ್ತಲ್ಲ. ಹಣೇಲಿ ವಿದ್ಯೆ ಬರೆದಿಲ್ಲ.’ ಇದನ್ನು ದಿನಾ ಕೇಳುವ ಮಗು ಅದನ್ನೇ ನಂಬುತ್ತದೆ. ಹಣೆಯಲ್ಲೇ ಬರೆದಿಲ್ಲ ಎಂದ ಮೇಲೆ ಕಷ್ಟಪಟ್ಟು ಏನು ಪ್ರಯೋಜನ ಎಂದು ಪ್ರಯತ್ನ ಬಿಡುತ್ತದೆ. ಪ್ರಯತ್ನ ಬಿಟ್ಟ ಮೇಲೆ ಮಾರ್ಕ್ಸ್ ಇನ್ನೂ ಇಳಿಯುತ್ತದೆ. ಆಗ ನಾವು ‘ನಾನು ಹೇಳಿರಲಿಲ್ವಾ’ ಎನ್ನುತ್ತೇವೆ.

ಒಂದೇ ತಳಿಯ ಎರಡು ಹೆಣ್ಣು ಕರುಗಳನ್ನು ಎರಡು ಮನೆಯಲ್ಲಿ ಸಾಕಿದ್ದನ್ನು ನೀವು ನೋಡಿದ್ದೀರಿ. ಗಿಣ್ಣು ಹಾಲು ಸರಿಯಾಗಿ ಕುಡಿಸಿ, ಜಂತುಹುಳುವಿನ ಔಷಧಿ ಹಾಕಿಸಿ, ಮೇವು, ಹಿಂಡಿ ಕೊಟ್ಟು ಸಾಕಿದ ಮಿಶ್ರತಳಿ ಕಡಸು ಎರಡೂವರೆ ವರ್ಷದ ಆಸುಪಾಸಿನಲ್ಲಿ ಕರು ಹಾಕುತ್ತದೆ. ಬರೀ ಒಣಹುಲ್ಲಿನಲ್ಲಿ ಬೆಳೆದದ್ದು ಮೂರೂವರೆ ವರ್ಷವಾದರೂ ಬೆದೆಗೆ ಬಂದಿರುವುದಿಲ್ಲ. ತಳಿಗೂ ಬೆಲೆ ಇದೆ, ಇಲ್ಲವೆನ್ನುವುದಿಲ್ಲ. ಮಕ್ಕಳಲ್ಲೂ ಒಬ್ಬರು ಬೇಗ ಕಲಿಯುತ್ತಾರೆ, ಒಬ್ಬರು ನಿಧಾನ. ಆದರೆ ಮೂರು ತಿಂಗಳ ಕರುವನ್ನು ನೋಡಿ ‘ಇದು ಹಾಲು ಕೊಡಲ್ಲ’ ಎಂದು ಯಾರೂ ತೀರ್ಮಾನ ಹೇಳುವುದಿಲ್ಲ. ಮೂರನೇ ಕ್ಲಾಸಿನ ಮಗುವಿಗೆ ಮಾತ್ರ ಆ ತೀರ್ಮಾನ ಹೇಳಿಬಿಡುತ್ತೇವೆ.

ಎರಡು: ‘ಓದದಿದ್ರೆ ದನ ಕಾಯೋಕೆ ಹೋಗು!’ ಈ ಮಾತಿನ ಬಗ್ಗೆ ನನಗೆ ವಿಶೇಷ ತಕರಾರಿದೆ. ದನ ಸಾಕಿಯೇ ನಿಮ್ಮ ಮನೆ ನಡೆಯುತ್ತಿದೆ, ಆ ಮಗುವಿನ ಪುಸ್ತಕ, ಯೂನಿಫಾರ್ಮು ಬಂದಿವೆ. ನೀವು ಮಾಡುವ ಕೆಲಸಕ್ಕೆ ಲೆಕ್ಕ ಬೇಕು, ಕಣ್ಣು ಬೇಕು, ತಾಳ್ಮೆ ಬೇಕು. ಅದನ್ನು ದಡ್ಡರಿಗೆ ಕೊಡುವ ಶಿಕ್ಷೆಯ ಹಾಗೆ ಹೇಳಿದರೆ ಮಗು ಎರಡು ತಪ್ಪು ಪಾಠ ಕಲಿಯುತ್ತದೆ. ಅಮ್ಮನ ಕೆಲಸ ಕೀಳು ಎಂಬುದು ಮೊದಲನೆಯದು. ಓದು ಎಂದರೆ ಹೆದರಿಕೆಯಿಂದ ತಪ್ಪಿಸಿಕೊಳ್ಳುವ ದಾರಿ, ಅಷ್ಟೆ, ಎಂಬುದು ಎರಡನೆಯದು. ಹೆದರಿ ಓದುವವರು ಹೆದರಿಕೆ ಹೋದ ದಿನ ಪುಸ್ತಕ ಮುಚ್ಚುತ್ತಾರೆ.

ಮೂರು: ‘ಹೆಣ್ಣು ಮಗು, ಎಷ್ಟು ಓದಿದ್ರೂ ಒಲೆ ಮುಂದೆ ತಾನೆ?’ ಇದರ ಬಗ್ಗೆ ಮುಂದೆ ಬರೆಯುತ್ತೇನೆ.

ಹೊಗಳಿಕೆಯಲ್ಲೂ ಎರಡು ಬಗೆ

ಬೈಯುವುದು ಬಿಟ್ಟು ಬರೀ ಹೊಗಳಿದರೆ ಆಯಿತೇ? ಇಲ್ಲ. ಯಾವುದನ್ನು ಹೊಗಳುತ್ತೇವೆ ಎಂಬುದು ಮುಖ್ಯ.

1998ರಲ್ಲಿ ಅಮೆರಿಕದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ ಎಂಬ ಮನಶ್ಶಾಸ್ತ್ರಜ್ಞೆಯರು ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಮಕ್ಕಳಿಗೆ ಮೊದಲು ಕೆಲವು ಒಗಟಿನಂಥ ಲೆಕ್ಕ ಕೊಟ್ಟರು. ಮಾಡಿದ ಮೇಲೆ ಎಲ್ಲರಿಗೂ ‘ಚೆನ್ನಾಗಿ ಮಾಡಿದೆ’ ಎಂದರು. ಜೊತೆಗೆ ಒಂದು ಗುಂಪಿಗೆ ‘ನೀನು ಬುದ್ಧಿವಂತ’ ಎಂದೂ, ಇನ್ನೊಂದು ಗುಂಪಿಗೆ ‘ನೀನು ಚೆನ್ನಾಗಿ ಶ್ರಮ ಪಟ್ಟಿದ್ದೀಯ’ ಎಂದೂ ಹೇಳಿದರು. ವ್ಯತ್ಯಾಸ ಒಂದೇ ವಾಕ್ಯದ್ದು. ಆಮೇಲೆ ಎಲ್ಲರೂ ಎಡವುವಂಥ ಕಷ್ಟದ ಲೆಕ್ಕ ಕೊಟ್ಟರು. ಕೊನೆಗೆ ಮೊದಲಿನಷ್ಟೇ ಸುಲಭದ ಲೆಕ್ಕಗಳನ್ನು ಮತ್ತೆ ಕೊಟ್ಟರು.

ಬುದ್ಧಿವಂತ ಎನಿಸಿಕೊಂಡ ಮಕ್ಕಳು ಈ ಕೊನೆಯ ಸಲ ಮೊದಲಿಗಿಂತ ಕಡಿಮೆ ಮಾಡಿದರು. ಶ್ರಮ ಪಟ್ಟಿದ್ದೀಯ ಎನಿಸಿಕೊಂಡವರು ಮೊದಲಿಗಿಂತ ಹೆಚ್ಚು ಮಾಡಿದರು. ಎಷ್ಟು ಮಾರ್ಕ್ಸ್ ಬಂತು ಎಂದು ಬೇರೆ ಶಾಲೆಯ ಮಕ್ಕಳಿಗೆ ತಿಳಿಸಲು ಚೀಟಿ ಬರೆಸಿದಾಗ, ಬುದ್ಧಿವಂತ ಎನಿಸಿಕೊಂಡ ಗುಂಪಿನಲ್ಲಿ ಹತ್ತರಲ್ಲಿ ಸುಮಾರು ನಾಲ್ವರು ಹೆಚ್ಚು ಮಾರ್ಕ್ಸ್ ಬಂದಿದೆ ಎಂದು ಸುಳ್ಳು ಬರೆದರು.

ಹೀಗೇಕೆ? ‘ನೀನು ಬುದ್ಧಿವಂತ’ ಎಂಬ ಬಿರುದು ಸಿಕ್ಕ ಮಗುವಿಗೆ ಅದನ್ನು ಕಾಪಾಡಿಕೊಳ್ಳುವ ಚಿಂತೆ ಹತ್ತುತ್ತದೆ. ಕಷ್ಟದ ಲೆಕ್ಕ ಎದುರಾದರೆ ‘ಬರಲಿಲ್ಲ ಅಂದರೆ ನಾನು ದಡ್ಡ ಎಂದಾಗುತ್ತದಲ್ಲ’ ಎಂಬ ಭಯ. ಶ್ರಮವನ್ನು ಹೊಗಳಿಸಿಕೊಂಡ ಮಗುವಿಗೆ ಬಿರುದಿನ ಭಾರವಿಲ್ಲ. ಬರದಿದ್ದರೆ ಇನ್ನೊಂದು ಸಲ ನೋಡೋಣ ಎನ್ನುತ್ತದೆ.

ಹಾಗಾಗಿ ‘ನನ್ನ ಮಗಳು ಶ್ಯಾಣೆ’ ಎಂದು ಊರಿಗೆಲ್ಲ ಹೇಳುವ ಬದಲು ‘ನಿನ್ನೆ ಆ ಲೆಕ್ಕ ಬಿಡದೆ ಮೂರು ಸಲ ಮಾಡಿದೆಯಲ್ಲ, ಅದು ನನಗೆ ಇಷ್ಟವಾಯ್ತು’ ಎಂದು ಮಗಳಿಗೆ ಹೇಳಿ.

ಒಂದು ಎಚ್ಚರಿಕೆಯೂ ಬೇಕು. ಶ್ರಮ ಒಂದನ್ನೇ ಹೊಗಳಿ ಸುಮ್ಮನಾದರೆ ಸಾಲದು. ಹಾಲು ಇಳಿದಿದೆ ಎಂದು ಒಣಹುಲ್ಲನ್ನೇ ಇನ್ನೂ ಎರಡು ಹೊರೆ ಹಾಕಿದರೆ ಹಾಲು ಏರುವುದಿಲ್ಲ, ಮೇವಿನಲ್ಲಿ ಏನು ಕೊರತೆ ಎಂದು ನೋಡಬೇಕು. ಮಗುವೂ ಒಂದೇ ಪಾಠವನ್ನು ಹತ್ತು ಸಲ ಬಾಯಿಪಾಠ ಮಾಡುತ್ತಾ ಸೋಲುತ್ತಿದ್ದರೆ ‘ಇನ್ನೂ ಕಷ್ಟಪಡು’ ಎನ್ನುವುದು ಸರಿಯಲ್ಲ. ‘ಬೇರೆ ಹೇಗೆ ಮಾಡಬಹುದು? ಯಾರನ್ನು ಕೇಳಬಹುದು?’ ಎಂದು ಕೇಳಬೇಕು. ಮಾತು ಬದಲಾಯಿಸಿದ ಮಾತ್ರಕ್ಕೆ 40 ಮಾರ್ಕ್ಸು 90 ಆಗುವುದಿಲ್ಲ. ಆದರೆ 40 ಬಂದ ಮಗು ಓದು ಬಿಡದೆ ಉಳಿಯುತ್ತದೆ. ನಮಗೆ ಮೊದಲು ಬೇಕಾದದ್ದು ಅದು.

ಮಾರ್ಕ್ಸ್ ಕಡಿಮೆ ಬಂದ ಸಂಜೆ

2016ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಕೈಲಾ ಹೈಮೊವಿಟ್ಜ್ ಮತ್ತು ಅದೇ ಕ್ಯಾರೊಲ್ ಡ್ವೆಕ್ ಇನ್ನೊಂದು ಅಧ್ಯಯನ ಪ್ರಕಟಿಸಿದರು. ತಂದೆತಾಯಿ ಬುದ್ಧಿಶಕ್ತಿಯ ಬಗ್ಗೆ ಮನಸ್ಸಿನಲ್ಲಿ ಏನು ನಂಬಿದ್ದಾರೆ ಎಂಬುದು ಮಕ್ಕಳಿಗೆ ಗೊತ್ತಾಗುವುದಿಲ್ಲ. ಸೋಲಿನ ಬಗ್ಗೆ ಅವರ ಭಾವನೆ ಏನು ಎಂಬುದು ಮಾತ್ರ ಗೊತ್ತಾಗಿಬಿಡುತ್ತದೆ. ಸೋಲೆಂದರೆ ಎಲ್ಲ ಮುಗಿಯಿತು ಎಂದು ನೋಡುವ ತಂದೆತಾಯಿಯ ಮಕ್ಕಳು ‘ಬುದ್ಧಿ ಇದ್ದಷ್ಟೇ, ಬೆಳೆಯುವುದಿಲ್ಲ’ ಎಂದು ನಂಬುವುದು ಹೆಚ್ಚು. ಸೋಲಿನಿಂದ ಕಲಿಯಬಹುದು ಎನ್ನುವವರ ಮಕ್ಕಳಲ್ಲಿ ಆ ನಂಬಿಕೆ ಕಡಿಮೆ.

ಅಂದರೆ ಮಗು ನಿಮ್ಮ ಉಪದೇಶಕ್ಕಿಂತ ಮಾರ್ಕ್ಸ್ ಕಾರ್ಡ್ ನೋಡಿದಾಗಿನ ನಿಮ್ಮ ಮುಖವನ್ನು ಓದುತ್ತದೆ. ಆ ಸಂಜೆ ‘ಅಯ್ಯೋ, ಪಕ್ಕದ ಮನೆಯವಳಿಗೆ ಮುಖ ಹೇಗೆ ತೋರಿಸಲಿ’ ಎಂದರೆ, ಸೋಲು ಎಂದರೆ ಅವಮಾನ ಎಂದು ಕಲಿಯುತ್ತದೆ. ‘ಪಾಪ, ಬಿಡು, ನಿನಗೆ ಗಣಿತ ಬರಲ್ಲ’ ಎಂದು ತಲೆ ಸವರಿದರೂ ಕಷ್ಟವೇ. ಪ್ರೀತಿಯಿಂದ ಹೇಳಿದರೂ ಅದು ‘ನಿನ್ನಿಂದ ಆಗಲ್ಲ’ ಎಂಬ ಮಾತೇ.

ಇಲ್ಲಿ ನಿಮಗೆ ನಾನು ಕಲಿಸಬೇಕಾದದ್ದು ಕಡಿಮೆ. ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿ ಗಬ್ಬ ನಿಲ್ಲದಿದ್ದರೆ ಏನು ಮಾಡುತ್ತೀರಿ? ಮಾರಿಬಿಡುತ್ತೀರಾ? ಇಲ್ಲ. ಸುಮಾರು 21 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆಯೇ ಎಂದು ಕಾಯುತ್ತೀರಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಮಾಡಿಸುತ್ತೀರಿ. ಎರಡು ಮೂರು ಸಲ ತಿರುಗಿದರೆ ಖನಿಜ ಮಿಶ್ರಣ ಕೊಟ್ಟಿರಾ, ಗರ್ಭಕೋಶದಲ್ಲಿ ಸೋಂಕಿದೆಯೇ ಎಂದು ನಮ್ಮನ್ನು ಕರೆಸಿ ಕೇಳುತ್ತೀರಿ. ಕಾರಣ ಹುಡುಕಿ ಮತ್ತೆ ಪ್ರಯತ್ನ ಮಾಡುವುದು ನಿಮ್ಮ ದಿನದ ಕೆಲಸ. ಮಾರ್ಕ್ಸ್ ಕಾರ್ಡಿಗೂ ಅದೇ ರೀತಿ ಅನ್ವಯಿಸಿ. ಆ ಸಂಜೆ ಮೂರು ಪ್ರಶ್ನೆ ಸಾಕು:

1. ಯಾವ ಪಾಠ ಗೊತ್ತಾಗಲಿಲ್ಲ?
2. ಓದಿದ್ದು ಹೇಗೆ, ಎಲ್ಲಿ ತಪ್ಪಿತು?
3. ಮುಂದಿನ ಸಲಕ್ಕೆ ಯಾರ ಸಹಾಯ ಕೇಳೋಣ?

ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಯವರು ಇದನ್ನು ಗಮನಿಸಿ. ನಮ್ಮ ರಾಜ್ಯದಲ್ಲಿ 2023–24ನೇ ಸಾಲಿನಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂದಿತ್ತು. ಮೊದಲ ಪರೀಕ್ಷೆಯಲ್ಲಿ ಹೋದ ವಿಷಯವನ್ನು ಅದೇ ವರ್ಷ ಮುಂದಿನ ಪರೀಕ್ಷೆಯಲ್ಲಿ ಬರೆಯಬಹುದು. ಆದರೆ ಫಲಿತಾಂಶ ಬಂದ ವಾರವೇ ಎಷ್ಟೋ ಮನೆಗಳಲ್ಲಿ ಹುಡುಗನನ್ನು ಗಾರೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಕಳಿಸುತ್ತಾರೆ, ಹುಡುಗಿಗೆ ಗಂಡು ಹುಡುಕುತ್ತಾರೆ. ಒಂದು ವಿಷಯ ಹೋದದ್ದಕ್ಕೆ ಹತ್ತು ವರ್ಷದ ಓದನ್ನು ಬಿಟ್ಟಂತೆ ಆಗುತ್ತದೆ. ಫಲಿತಾಂಶದ ದಿನ ಶಾಲೆಗೆ ಹೋಗಿ ಮುಂದಿನ ಪರೀಕ್ಷೆಗೆ ಯಾವಾಗ ಅರ್ಜಿ ಹಾಕಬೇಕು ಎಂದು ಕೇಳಿ. ಹೆಣ್ಣಿಗೆ 18 ತುಂಬುವ ಮುನ್ನ ಮದುವೆ ಮಾಡುವುದು ಕಾನೂನಿನಲ್ಲಿ ಅಪರಾಧ ಎಂಬುದೂ ನೆನಪಿರಲಿ.

ಹೆದರಿದ ಹಸು ಹಾಲು ಇಳಿಸುವುದಿಲ್ಲ

ಹಾಲು ಕರೆಯುವ ಹೊತ್ತಿಗೆ ನಾಯಿ ನುಗ್ಗಿದರೆ, ಯಾರಾದರೂ ಕೋಲಲ್ಲಿ ಹೊಡೆದರೆ ಹಸು ಹಾಲು ಬಿಡುವುದಿಲ್ಲ. ಕೆಚ್ಚಲಲ್ಲಿ ಹಾಲಿದೆ. ಆದರೆ ಹೆದರಿಕೆಯಾದಾಗ ಅದರ ಮೈಯಲ್ಲಿ ಅಡ್ರಿನಲಿನ್ ಎಂಬ ರಸ ಏರುತ್ತದೆ, ಅದು ಹಾಲು ಇಳಿಸುವ ಆಕ್ಸಿಟೋಸಿನ್ ಕೆಲಸ ಮಾಡದಂತೆ ತಡೆಯುತ್ತದೆ.

ಹೆದರಿದ ಮಗುವಿಗೂ ಹೀಗೇ ಆಗುತ್ತದೆ. ಲೆಕ್ಕ ಮಾಡುವಾಗ ಅಂಕಿಗಳನ್ನು ಒಂದಷ್ಟು ಹೊತ್ತು ಮನಸ್ಸಿನಲ್ಲಿ ಹಿಡಿದುಕೊಳ್ಳಬೇಕು. ಆ ಜಾಗ ಚಿಕ್ಕದು. ‘ತಪ್ಪಾದರೆ ಅಪ್ಪ ಹೊಡೀತಾರೆ’ ಎಂಬ ಯೋಚನೆ ಅದೇ ಜಾಗದಲ್ಲಿ ಬಂದು ಕೂತರೆ ಲೆಕ್ಕಕ್ಕೆ ಜಾಗ ಉಳಿಯುವುದಿಲ್ಲ. ಮನೆಯಲ್ಲಿ ಸರಿಯಾಗಿ ಹೇಳಿದ ಮಗ್ಗಿ ಮೇಷ್ಟ್ರ ಮುಂದೆ ಮರೆತುಹೋಗುವುದು ಇದರಿಂದಲೇ.

‘ಮೇಷ್ಟ್ರೇ, ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದರೂ ಹೊಡೀರಿ’ ಎಂದು ಶಾಲೆಗೆ ಹೋಗಿ ಹೇಳಿಬರುವವರು ಇನ್ನೂ ಇದ್ದಾರೆ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ. ಮನೆಯಲ್ಲೂ ಅದರಿಂದ ಲಾಭವಿಲ್ಲ.

ಹಾಗೆಂದು ಶಿಸ್ತು ಬೇಡವೆಂದಲ್ಲ. ಹಸುವಿಗೆ ಹೊತ್ತು ಹೊತ್ತಿಗೆ ಹಾಲು ಕರೆಯುವ ರೂಢಿ ಹೇಗೋ, ಮಗುವಿಗೂ ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೂತು ಓದುವ ರೂಢಿ ಬೇಕು. ಆ ಹೊತ್ತಿನಲ್ಲಿ ಟಿವಿ ಬಂದ್, ಮೊಬೈಲು ಬಂದ್. ದೊಡ್ಡವರದೂ ಸೇರಿ.

ಸೋಮಾರಿ ಎನ್ನುವ ಮುನ್ನ ಪರೀಕ್ಷೆ ಮಾಡಿಸಿ

ಹಾಲು ಕಡಿಮೆಯಾದ ಹಸುವನ್ನು ನಾವು ಬೈಯುವುದಿಲ್ಲ. ಜ್ವರ ನೋಡುತ್ತೇವೆ, ಸಗಣಿ ನೋಡುತ್ತೇವೆ, ಕೆಚ್ಚಲು ಮುಟ್ಟಿ ನೋಡುತ್ತೇವೆ. ಓದಿನಲ್ಲಿ ಹಿಂದೆ ಬಿದ್ದ ಮಗುವಿಗೂ ಮೊದಲು ಅದೇ ಆಗಬೇಕು.

ಬೋರ್ಡಿನ ಮೇಲಿನ ಅಕ್ಷರ ಕಾಣದ ಮಗುವಿಗೆ ಅದು ತನ್ನ ಕಣ್ಣಿನ ತೊಂದರೆ ಎಂದೇ ಗೊತ್ತಿರುವುದಿಲ್ಲ. ಪುಸ್ತಕವನ್ನು ಮುಖದ ಹತ್ತಿರ ಹಿಡಿಯುತ್ತದೆಯೇ, ಕೂಗಿದರೆ ತಡವಾಗಿ ತಿರುಗುತ್ತದೆಯೇ, ಕಿವಿ ಸೋರುತ್ತದೆಯೇ ಎಂದು ಗಮನಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಶಾಲೆ ಮತ್ತು ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ನೋಡುತ್ತದೆ. ಆ ದಿನ ಮಗುವನ್ನು ತಪ್ಪಿಸಬೇಡಿ. ರಕ್ತ ಕಡಿಮೆಯಿರುವ ಮಗು ಬೇಗ ಸುಸ್ತಾಗುತ್ತದೆ, ಗಮನ ಕೊಡಲಾಗುವುದಿಲ್ಲ. ಫೆಬ್ರವರಿ ಮತ್ತು ಆಗಸ್ಟ್ ತಿಂಗಳಲ್ಲಿ ಕೊಡುವ ಜಂತುಹುಳುವಿನ ಮಾತ್ರೆ, ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ತಪ್ಪದೆ ಕೊಡಿಸಿ. ಕರುವಿಗೆ ಮರೆಯದೆ ಹಾಕಿಸುತ್ತೀರಿ, ಮಕ್ಕಳಿಗೂ ಮರೆಯಬೇಡಿ.

ಕೆಲವು ಮಕ್ಕಳು ಬಾಯಲ್ಲಿ ಎಲ್ಲವನ್ನೂ ಚೆನ್ನಾಗಿ ಹೇಳುತ್ತಾರೆ, ಓದಲು ಬರೆಯಲು ಹೋದರೆ ಅಕ್ಷರ ಹಿಂದುಮುಂದಾಗುತ್ತವೆ. ಇದು ದಡ್ಡತನವಲ್ಲ, ಕಲಿಕೆಯ ನ್ಯೂನತೆ ಇರಬಹುದು. ಮೇಷ್ಟ್ರಿಗೆ ಹೇಳಿ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ.

ಹಾಲಿನ ಬಗ್ಗೆಯೂ ಒಂದು ಮಾತು. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯಿಂದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಹಾಲು ಸಿಗುತ್ತಿದೆ. ಆದರೆ ಕರೆದ ಹಾಲನ್ನೆಲ್ಲ ಡೇರಿಗೆ ಹಾಕಿ ಮನೆಯ ಮಕ್ಕಳಿಗೆ ಬರೀ ಕಪ್ಪು ಟೀ ಕೊಡುವ ಮನೆಗಳನ್ನು ನಾವು ನೋಡುತ್ತಲೇ ಇದ್ದೇವೆ. ಒಕ್ಕೂಟದ ಕಡೆಯಿಂದಲೇ ಹೇಳುತ್ತಿದ್ದೇನೆ: ಮೊದಲು ಮಕ್ಕಳಿಗೆ ಒಂದೊಂದು ಲೋಟ ತೆಗೆದಿಟ್ಟು ಉಳಿದದ್ದನ್ನು ಡೇರಿಗೆ ತನ್ನಿ. ಹೆಣ್ಣು ಮಗುವಿಗೂ ಅಷ್ಟೇ ದೊಡ್ಡ ಲೋಟ.

ಓದು ಬರದ ತಾಯಿ ಮಾಡಬಹುದಾದದ್ದು

2015ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಮತ್ತು ಎರಡನೇ ತರಗತಿಯ ಮಕ್ಕಳನ್ನು ಗಮನಿಸಿ ಒಂದು ವಿಚಿತ್ರ ಸಂಗತಿ ಕಂಡರು. ಗಣಿತವೆಂದರೆ ಹೆದರುವ ತಂದೆತಾಯಿ ದಿನಾ ಕೂತು ಹೋಂವರ್ಕ್ ಮಾಡಿಸಿದಾಗ, ಆ ಮಕ್ಕಳು ವರ್ಷದ ಕೊನೆಗೆ ಗಣಿತ ಕಲಿತದ್ದು ಕಡಿಮೆ, ಹೆದರಿಕೆ ಹೆಚ್ಚು. ಅದೇ ಹೆದರಿಕೆಯಿದ್ದೂ ಅಷ್ಟಾಗಿ ಹೋಂವರ್ಕಿಗೆ ಕೂರದವರ ಮಕ್ಕಳಿಗೆ ಹೀಗಾಗಲಿಲ್ಲ. ಅಂದರೆ ಪಾಠದ ಜೊತೆಗೆ ದೊಡ್ಡವರ ಹೆದರಿಕೆಯೂ ಮಕ್ಕಳಿಗೆ ದಾಟಿತ್ತು. ‘ನನಗೂ ಲೆಕ್ಕ ಬರ್ತಿರಲಿಲ್ಲ, ನಿನಗೂ ನನ್ನ ಹಾಗೇ’ ಎನ್ನುವ ಮಾತು ಮಾಡುವ ಕೆಲಸ ಇದು.

ನಿಮಗೆ ಲೆಕ್ಕ ಬರುವುದಿಲ್ಲ ಎಂದವರು ಯಾರು? ಬಟವಾಡೆಯಲ್ಲಿ ಹತ್ತು ರೂಪಾಯಿ ಕಡಿಮೆಯಾದರೆ ಕಾರ್ಯದರ್ಶಿಯನ್ನು ನಿಲ್ಲಿಸಿ ಕೇಳುವವರು ನೀವು. ಆ ಹಾಲಿನ ಚೀಟಿಯನ್ನೇ ಮಗುವಿನ ಕೈಗೆ ಕೊಡಿ. ಬೆಳಿಗ್ಗೆ ನಾಲ್ಕೂವರೆ ಲೀಟರ್, ಸಂಜೆ ಮೂರೂವರೆ, ಒಟ್ಟು ಎಂಟು. ಲೀಟರಿಗೆ 35 ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ 280, ವಾರಕ್ಕೆ 1,960. ಇದರಲ್ಲಿ ಹಿಂಡಿಗೆ ಎಷ್ಟು ಹೋಯಿತು, ಉಳಿದದ್ದೆಷ್ಟು? ಕೊಬ್ಬಿನಂಶ 4 ಎಂದರೆ 100 ಗ್ರಾಂ ಹಾಲಿನಲ್ಲಿ 4 ಗ್ರಾಂ ಕೊಬ್ಬು. ಶಾಲೆಯ ಶೇಕಡಾ ಲೆಕ್ಕ ಎಂದರೆ ಇದೇ ಅಲ್ಲವೇ? ಈ ಲೆಕ್ಕ ನಮ್ಮ ಮನೆಗೆ ಬೇಕಾದದ್ದು ಎಂದು ಮಗುವಿಗೆ ಗೊತ್ತಾದರೆ ಕಲಿಯುವ ಆಸೆ ತಾನಾಗಿ ಬರುತ್ತದೆ.

ಇನ್ನೊಂದು ಉಪಾಯ: ಮಗು ನಿಮಗೆ ಪಾಠ ಹೇಳಲಿ. ನೀವು ಮೇವು ಕತ್ತರಿಸುವಾಗಲೋ ಸೊಪ್ಪು ಬಿಡಿಸುವಾಗಲೋ ‘ಇವತ್ತು ಮೇಷ್ಟ್ರು ಏನು ಹೇಳಿದರು, ನನಗೂ ಹೇಳು’ ಎನ್ನಿ. ಗೊತ್ತಾಗದ ಕಡೆ ‘ಅದು ಯಾಕೆ ಹಾಗೆ?’ ಎಂದು ಕೇಳಿ. ಇನ್ನೊಬ್ಬರಿಗೆ ಹೇಳಿಕೊಡುವಾಗ ತನಗೆ ಎಲ್ಲಿ ಗೊತ್ತಿಲ್ಲ ಎಂಬುದು ಮಗುವಿಗೇ ತಿಳಿಯುತ್ತದೆ. ನಿಮಗೆ ಉತ್ತರ ಗೊತ್ತಿರಬೇಕಾಗಿಲ್ಲ.

‘90 ತೆಗೆದರೆ ಮೊಬೈಲ್’

ಆಸೆ ತೋರಿಸಿ ಓದಿಸುವುದು ಈಗ ಹೆಚ್ಚಾಗಿದೆ. ಇದರ ಬಗ್ಗೆ ಹಳೆಯದೊಂದು ಪ್ರಯೋಗವಿದೆ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ‘ಬಿಡಿಸಿದರೆ ಬಹುಮಾನದ ಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಆಮೇಲೆ ಕೊಟ್ಟರು. ಕೆಲವರಿಗೆ ಕೊಡಲೇ ಇಲ್ಲ. ಕೆಲವು ದಿನ ಬಿಟ್ಟು ನೋಡಿದಾಗ, ಬಹುಮಾನಕ್ಕಾಗಿ ಬಿಡಿಸಿದ ಮಕ್ಕಳು ತಾವಾಗಿ ಚಿತ್ರ ಬಿಡಿಸುವ ಹೊತ್ತು ಉಳಿದವರ ಅರ್ಧದಷ್ಟಕ್ಕೆ ಇಳಿದಿತ್ತು. ಹೇಳದೆ ಕೊಟ್ಟವರಲ್ಲಿ ಇಳಿಯಲಿಲ್ಲ.

ಇಷ್ಟದ ಕೆಲಸಕ್ಕೆ ಕೂಲಿ ಗೊತ್ತು ಮಾಡಿದರೆ ಅದು ಕೂಲಿ ಕೆಲಸವಾಗುತ್ತದೆ. ಮೊಬೈಲಿಗಾಗಿ ಓದಿದ ಹುಡುಗ ಮೊಬೈಲ್ ಬಂದ ಮೇಲೆ ಓದುವುದಿಲ್ಲ. 89 ಬಂದರೆ ಆ ವರ್ಷದ ಕಷ್ಟವೆಲ್ಲ ವ್ಯರ್ಥ ಎಂದುಕೊಳ್ಳುತ್ತಾನೆ. ಕೊಡುವುದಾದರೆ ಹೇಳದೆ ಕೊಡಿ. ‘ಈ ಸಲ ದಿನಾ ತಪ್ಪದೆ ಓದಿದೆ, ಅದಕ್ಕೆ’ ಎಂದು ಒಂದು ಪೆನ್ನು, ಒಂದು ಕಥೆ ಪುಸ್ತಕ, ಇಷ್ಟದ ಊಟ ಸಾಕು.

ಹೆಣ್ಣು ಮಗು, ಕೊಟ್ಟಿಗೆ ಮತ್ತು ಶಾಲೆ

ಮಕ್ಕಳು ಮನೆ ಕೆಲಸ ಕಲಿಯಬಾರದೆಂದು ನಾನು ಹೇಳುವುದಿಲ್ಲ. ಕರುವಿಗೆ ನೀರು ಕುಡಿಸುವ ಮಗು ಜವಾಬ್ದಾರಿ ಕಲಿಯುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಡೇರಿಗೆ ಹಾಲು ಹಾಕಿ, ತಮ್ಮನಿಗೆ ತಿಂಡಿ ಕೊಟ್ಟು, ಓಡಿಕೊಂಡು ಶಾಲೆಗೆ ಹೋಗುವ ಹುಡುಗಿ ಮೊದಲನೇ ಪೀರಿಯಡ್ಡಿನಲ್ಲೇ ತೂಕಡಿಸುತ್ತಾಳೆ. ಅದೇ ಮನೆಯ ಹುಡುಗ ಏಳಕ್ಕೆ ಏಳುತ್ತಾನೆ. ವರ್ಷದ ಕೊನೆಗೆ ಅವನಿಗೆ 70, ಇವಳಿಗೆ 50 ಬಂದರೆ ‘ಹುಡುಗಿಗೆ ತಲೆ ಇಲ್ಲ’ ಎನ್ನುವುದು ನ್ಯಾಯವೇ?

ಹದಿನಾಲ್ಕು ವರ್ಷದೊಳಗಿನ ಮಕ್ಕಳು ಮನೆಯವರಿಗೆ ಕೆಲಸದಲ್ಲಿ ನೆರವಾಗುವುದಿದ್ದರೆ ಶಾಲೆಯ ಹೊತ್ತು ಬಿಟ್ಟು ಅಥವಾ ರಜೆಯಲ್ಲಿ ಮಾತ್ರ ಎಂದು ಕಾನೂನು ಹೇಳುತ್ತದೆ. ಕೆಲಸವನ್ನು ಗಂಡು ಹೆಣ್ಣು ಇಬ್ಬರಿಗೂ ಸಮನಾಗಿ ಹಂಚಿ. ಪರೀಕ್ಷೆಯ ತಿಂಗಳಲ್ಲಿ ಇಬ್ಬರಿಗೂ ಕಡಿಮೆ ಮಾಡಿ.

ನಮ್ಮ ಇಲಾಖೆಗೆ ಸೇರಿದ ಮಾತನ್ನೂ ಹೇಳಿಬಿಡುತ್ತೇನೆ. ಕಾಲುಬಾಯಿ ಜ್ವರದ ಲಸಿಕೆಯ ದಿನ ಹಸು ಹಿಡಿಯಲು ಮಕ್ಕಳನ್ನು ಶಾಲೆ ಬಿಡಿಸಿ ನಿಲ್ಲಿಸುವುದು ಹಲವು ಊರುಗಳಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಮನೆಯಲ್ಲಿ ದೊಡ್ಡವರಿಲ್ಲದಿದ್ದರೆ ಹಿಂದಿನ ದಿನವೇ ಸಂಘದ ಕಾರ್ಯದರ್ಶಿಗೆ ತಿಳಿಸಿ. ಶಾಲೆಯ ಹೊತ್ತಿಗೆ ಮುಂಚೆ ನಿಮ್ಮ ಮನೆಗೆ ಬರುವ ಹಾಗೆ ಸಾಲು ಹೊಂದಿಸಿಕೊಳ್ಳಬಹುದು, ಇಲ್ಲವೇ ಅಕ್ಕಪಕ್ಕದವರು ಸೇರಿ ಹಿಡಿಯಬಹುದು.

ಇನ್ನು ‘ಎಷ್ಟು ಓದಿದರೂ ಒಲೆ ಮುಂದೆ’ ಎಂಬ ಮಾತು. ಪಶ್ಚಿಮ ಬಂಗಾಳದ 495 ಹಳ್ಳಿಗಳಲ್ಲಿ ನಡೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ನೊಬೆಲ್ ಪ್ರಶಸ್ತಿ ಪಡೆದ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಅದನ್ನು ಮಾಡಿದವರಲ್ಲಿ ಒಬ್ಬರು. ಪಂಚಾಯ್ತಿ ಅಧ್ಯಕ್ಷ ಸ್ಥಾನ ಎರಡು ಅವಧಿ ಮಹಿಳೆಯರಿಗೆ ಮೀಸಲಾಗಿದ್ದ ಹಳ್ಳಿಗಳನ್ನೂ ಒಮ್ಮೆಯೂ ಮೀಸಲಾಗದ ಹಳ್ಳಿಗಳನ್ನೂ ಹೋಲಿಸಿ ನೋಡಿದರು. ಮುಂದೇನಾಗಬೇಕು ಎಂಬ ಕನಸಿನಲ್ಲಿ 11ರಿಂದ 15 ವರ್ಷದ ಹುಡುಗ ಹುಡುಗಿಯರ ನಡುವೆ ಇದ್ದ ಅಂತರ, ಮಹಿಳಾ ಅಧ್ಯಕ್ಷರಿದ್ದ ಹಳ್ಳಿಗಳಲ್ಲಿ ಶೇ. 32ರಷ್ಟು ಕಡಿಮೆಯಾಗಿತ್ತು. ಓದಿನಲ್ಲಿದ್ದ ಅಂತರ ಅಳಿಸಿಹೋಗಿತ್ತು. ಹುಡುಗಿಯರು ಮನೆಗೆಲಸಕ್ಕೆ ಕೊಡುವ ಹೊತ್ತೂ ಇಳಿದಿತ್ತು. ತಂದೆತಾಯಿ ಹೆಣ್ಣು ಮಕ್ಕಳ ಬಗ್ಗೆ ಇಟ್ಟುಕೊಂಡ ಆಸೆಯೂ ಹೆಚ್ಚಾಗಿತ್ತು.

ಆ ಹಳ್ಳಿಗಳಲ್ಲಿ ಮಕ್ಕಳಿಗೆ ಯಾರೂ ಭಾಷಣ ಮಾಡಲಿಲ್ಲ. ಒಬ್ಬ ಹೆಣ್ಣುಮಗಳು ಕುರ್ಚಿಯಲ್ಲಿ ಕೂತು ಊರಿನ ಕೆಲಸ ಮಾಡುವುದನ್ನು ದಿನಾ ನೋಡಿದರು. ನಮ್ಮ ಮಹಿಳಾ ಹಾಲು ಉತ್ಪಾದಕರ ಸಂಘಗಳಲ್ಲಿ ಅಧ್ಯಕ್ಷರು, ನಿರ್ದೇಶಕರು, ಕಾರ್ಯದರ್ಶಿ, ಹಾಲು ಪರೀಕ್ಷಕರು ಎಲ್ಲ ನೀವೇ. ವಾರ್ಷಿಕ ಸಭೆಗೆ ಮಗಳನ್ನು ಕರೆತನ್ನಿ. ಅಮ್ಮ ಎದ್ದು ನಿಂತು ಲೆಕ್ಕ ಕೇಳುವುದನ್ನು ಅವಳು ನೋಡಲಿ.

ನಿಮ್ಮನ್ನು ನೋಡಿ ಕಲಿಯುವ ಛಲ

2017ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರು ಒಂದು ವರ್ಷ ದಾಟಿದ ಕೂಸುಗಳಿಗೆ ಹೀಗೆ ತೋರಿಸಿದರು. ಒಬ್ಬರು ಡಬ್ಬಿಯಿಂದ ಆಟಿಕೆ ತೆಗೆಯಲು ಒದ್ದಾಡಿ, ಬಿಡದೆ ಪ್ರಯತ್ನಿಸಿ ಕೊನೆಗೆ ತೆಗೆದರು. ಬೇರೆ ಕೂಸುಗಳ ಮುಂದೆ ಸುಲಭವಾಗಿ ತೆಗೆದರು. ಆಮೇಲೆ ಕೂಸುಗಳ ಕೈಗೆ ಒತ್ತಿದರೂ ಸದ್ದು ಬಾರದ ಆಟಿಕೆ ಕೊಟ್ಟಾಗ, ಒದ್ದಾಟ ನೋಡಿದ ಕೂಸುಗಳು ಹೆಚ್ಚು ಸಲ ಒತ್ತಿ ನೋಡಿದವು. ಮಾತು ಬರದ ಕೂಸೂ ದೊಡ್ಡವರ ಛಲ ನೋಡಿ ಕಲಿಯುತ್ತದೆ.

ಕೆಚ್ಚಲು ಬಾವು ಬಂದ ಹಸುವನ್ನು ನೀವು ಬಿಡದೆ ಶುಶ್ರೂಷೆ ಮಾಡುವುದನ್ನು, ಬರಗಾಲದಲ್ಲಿ ಮೇವು ಹೊಂಚುವುದನ್ನು ಮಗು ನೋಡುತ್ತಲೇ ಇರುತ್ತದೆ. ಅದನ್ನು ಬಾಯಿಬಿಟ್ಟು ಹೇಳಿ: ‘ಈ ಹಸು ಉಳಿಯಲ್ಲ ಅಂದಿದ್ರು, ಹದಿನೈದು ದಿನ ನೋಡಿಕೊಂಡೆ, ಈಗ ಮೇವು ತಿಂತಿದೆ.’ ಸಂಘಕ್ಕೆ ಬಂದ ಮೇಲೆ ನೀವು ಸಹಿ ಹಾಕಲು ಕಲಿತಿದ್ದರೆ, ಎಷ್ಟು ದಿನ ಹಿಡಿಯಿತು ಎಂದೂ ಹೇಳಿ.

ಈ ತಿಂಗಳು ಮಾಡಿ ನೋಡಿ

• ‘ತಲೆಗೆ ಹತ್ತಲ್ಲ’, ‘ದನ ಕಾಯೋಕೆ ಹೋಗು’ ಎಂಬ ಎರಡು ಮಾತನ್ನು ಮನೆಯಲ್ಲಿ ಬಿಡಿ. ಅಜ್ಜ, ಅಜ್ಜಿ, ಯಜಮಾನರಿಗೂ ಹೇಳಿ.
• ‘ಬರಲ್ಲ’ ಎಂದು ಮಗು ಹೇಳಿದರೆ ‘ಇನ್ನೂ ಬಂದಿಲ್ಲ’ ಎಂದು ತಿದ್ದಿ.
• ದಿನಾ ಒಂದು ಗಂಟೆ ಓದಿನ ಹೊತ್ತು ಗೊತ್ತು ಮಾಡಿ. ಆ ಹೊತ್ತಿನಲ್ಲಿ ಮಗುವಿಗೆ ಕೆಲಸ ಹೇಳಬೇಡಿ.
• ಬಟವಾಡೆ ಚೀಟಿಯ ಲೆಕ್ಕ ಮಕ್ಕಳಿಂದ ಮಾಡಿಸಿ, ಹೆಣ್ಣು ಮಗುವಿನಿಂದಲೂ.
• ಪಕ್ಕದ ಮನೆ ಮಗುವಿನ ಜೊತೆ ಹೋಲಿಸಬೇಡಿ. ಇವಳದೇ ಹಿಂದಿನ ತಿಂಗಳ ಜೊತೆ ಹೋಲಿಸಿ. ಹಾಲನ್ನೂ ಹಾಗೇ ತಾನೆ ಲೆಕ್ಕ ಇಡುವುದು?
• ಒಮ್ಮೆಯಾದರೂ ಶಾಲೆಗೆ ಹೋಗಿ. ದೂರು ಕೇಳಲೆಂದು ಹೋಗಬೇಡಿ, ‘ಮನೆಯಲ್ಲಿ ನಾನೇನು ಮಾಡಬಹುದು?’ ಎಂದು ಕೇಳಿಕೊಂಡು ಬನ್ನಿ. ಶಾಲಾಭಿವೃದ್ಧಿ ಸಮಿತಿಯಲ್ಲಿ ತಾಯಂದಿರಿಗೂ ಜಾಗವಿದೆ, ಕೇಳಿ ಪಡೆಯಿರಿ.
• ಕಣ್ಣು, ಕಿವಿ, ರಕ್ತ ಪರೀಕ್ಷೆ ಮಾಡಿಸಿ.

ಕೊನೆಯದಾಗಿ, ಫಲಿತಾಂಶದ ದಿನಗಳಲ್ಲಿ ಮಗು ಊಟ ಬಿಟ್ಟರೆ, ಯಾರ ಜೊತೆಗೂ ಮಾತಾಡದಿದ್ದರೆ, ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತಾಡಿದರೆ ಅದನ್ನು ನಾಟಕ ಎಂದುಕೊಳ್ಳಬೇಡಿ. ಒಂಟಿಯಾಗಿ ಬಿಡಬೇಡಿ. ಜೊತೆಯಲ್ಲಿ ಕೂತು ಮಾತಾಡಿಸಿ. ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳ ಸಹಾಯವಾಣಿ 1098. ಈ ಎರಡು ನಂಬರನ್ನು ಸಂಘದ ಫಲಕದಲ್ಲಿ ಬರೆದು ಹಾಕಲು ಕಾರ್ಯದರ್ಶಿಯವರನ್ನು ಕೇಳಿಕೊಳ್ಳುತ್ತೇನೆ.

ಮುಂದಿನ ಸಂಚಿಕೆಯಲ್ಲಿ ಮಳೆಗಾಲದಲ್ಲಿ ಕರುಗಳ ಪಾಲನೆ ಬಗ್ಗೆ ಬರೆಯುತ್ತೇನೆ. ಈ ಲೇಖನವನ್ನು ಓದು ಬರದ ಸದಸ್ಯರಿಗೆ ಹಾಲು ಹಾಕುವ ಹೊತ್ತಿನಲ್ಲಿ ಯಾರಾದರೂ ಓದಿ ಹೇಳಿ. ಶಾಲೆಗೆ ಹೋಗುವ ಮಕ್ಕಳಿಂದಲೇ ಓದಿಸಿದರೆ ಇನ್ನೂ ಒಳ್ಳೆಯದು.

– ಪಶುವೈದ್ಯಾಧಿಕಾರಿ